ಲಂಗರು ಸರಪಳಿಯ ಫೆಟೀಗ್ ಲೆಕ್ಕ: ನಾವು ಅಳೆಯುವ ಕ್ರಮ

ತೇಲುವ ತೈಲ ಘಟಕಗಳ ಮೂರಿಂಗ್ (ಲಂಗರು ಸರಪಳಿಗಳಿಂದ ಕಟ್ಟಿ ನಿಲ್ಲಿಸುವ ವ್ಯವಸ್ಥೆ) ನಿಗಾದಲ್ಲಿ ಹತ್ತು ನಿಮಿಷದ ಸರಾಸರಿ ಎಳೆತವನ್ನಷ್ಟೇ ಉಳಿಸಿಟ್ಟ ದಾಖಲೆಗಳು ಬೇಕಾದಷ್ಟು ಸಿಗುತ್ತವೆ. ಫೆಟೀಗ್, ಅಂದರೆ ಮತ್ತೆ ಮತ್ತೆ ಎಳೆದು ಸಡಿಲಿಸಿದಾಗ ಲೋಹ ದಣಿದು ಬಿರುಕು ಬಿಡುವುದು; ಅದರ ಲೆಕ್ಕಕ್ಕೆ ಅವು ಬಾರವು. ಲೋಹ ದಣಿಯುವುದು ಮುಖ್ಯವಾಗಿ ಎಳೆತದ ಏರಿಳಿತದಿಂದ. ಸರಾಸರಿ ತೆಗೆದ ಕೂಡಲೇ ಅದು ಅಳಿಸಿಹೋಗುತ್ತದೆ. ಹಾಗಾಗಿ ಕಚ್ಚಾ ಸಿಗ್ನಲ್ಲನ್ನೇ ಉಳಿಸುತ್ತೇವೆ, 10 ಹರ್ಟ್ಸ್‌ನಲ್ಲಿ. 2 ಹರ್ಟ್ಸ್ ಸಾಕೆನ್ನುವವರಿದ್ದಾರೆ. ಆದರೆ 5 ಸೆಕೆಂಡಿನ ಅಲೆಗೆ ಆಗ ಹತ್ತೇ ಬಿಂದು ಸಿಗುತ್ತವೆ, ತುದಿಯ ಅಳತೆ ಶೇ. 5ರವರೆಗೆ ತಪ್ಪಬಹುದು.

ಎಳೆತ ಅಳೆಯಲು ಚೈನ್ ಸ್ಟಾಪರಿನಲ್ಲಿ (ಸರಪಳಿಯನ್ನು ಹಿಡಿದು ನಿಲ್ಲಿಸುವ ಭಾಗ) ಲೋಡ್ ಪಿನ್, ಅಂದರೆ ಭಾರ ಅಳೆಯುವ ಗೂಟ. ಅದರ ಸೊನ್ನೆ ಕಾಲಕ್ರಮೇಣ ಜರುಗುತ್ತದೆ. ಎಳೆದು ನಿಂತ ಸರಪಳಿಯಲ್ಲಿ ಸೊನ್ನೆ ಪರೀಕ್ಷೆಗೆ ದಾರಿಯಿಲ್ಲ. ಜಿಪಿಎಸ್ ಸ್ಥಾನ, ನೀರಿನ ಆಳ, ಸರಪಳಿಯ ಉದ್ದ ಹಿಡಿದು ಕ್ಯಾಟೆನರಿ (ತನ್ನ ಭಾರಕ್ಕೆ ಜೋತ ಸರಪಳಿಯ ಬಾಗು) ಎಳೆತ ಲೆಕ್ಕಹಾಕಿ, ಶಾಂತ ಸಮುದ್ರದ ದಿನ ಹೋಲಿಸುತ್ತೇವೆ. ಸೊನ್ನೆ ಜರುಗಿದರೆ ಅಷ್ಟು ಚಿಂತೆಯಿಲ್ಲ, ಏರಿಳಿತ ಸರಿಯಾಗಿಯೇ ಇರುತ್ತದೆ. ಗೇನ್ (ಸಿಗ್ನಲ್ಲನ್ನು ಎಳೆತಕ್ಕೆ ಬದಲಿಸುವ ಗುಣಕ) ತಪ್ಪಿದರೆ ಕೆಟ್ಟದ್ದು, ಏರಿಳಿತವೇ ತಪ್ಪುತ್ತದೆ.

ಏಕೆಂದರೆ ಎಸ್-ಎನ್ ರೇಖೆಯ (ಎಷ್ಟು ಸ್ಟ್ರೆಸ್ ಏರಿಳಿತವನ್ನು ಲೋಹ ಎಷ್ಟು ಆವರ್ತ ತಾಳುತ್ತದೆಂದು ಹೇಳುವ ರೇಖೆ) ಘಾತ 3. ಉದಾಹರಣೆಗೆ 120 ಮಿಮೀ ಸ್ಟಡ್‌ರಹಿತ (ಕೊಂಡಿಯ ನಡುವೆ ಅಡ್ಡಪಟ್ಟಿಯಿಲ್ಲದ) ಸರಪಳಿ: ಕೊಂಡಿಯ ಎರಡೂ ಕಾಲು ಸೇರಿ ಸುಮಾರು 22,600 ಚದರ ಮಿಮೀ. 500 ಕಿಲೋನ್ಯೂಟನ್ ಏರಿಳಿತಕ್ಕೆ ಸ್ಟ್ರೆಸ್ 22.1 ಮೆಗಾಪಾಸ್ಕಲ್. ಹಡಗು, ಕಡಲ ರಚನೆಗಳ ಮಾನದಂಡ ಬರೆಯುವ ಸಂಸ್ಥೆ ಡಿಎನ್‌ವಿಯ ರೇಖೆಯ 6×10¹⁰ ಸ್ಥಿರಾಂಕ ಹಾಕಿದರೆ ಸುಮಾರು 56 ಲಕ್ಷ ಆವರ್ತ. ಏರಿಳಿತ ಶೇ. 10 ಹೆಚ್ಚಿದರೆ 42 ಲಕ್ಷಕ್ಕೆ ಇಳಿಯುತ್ತದೆ. ವ್ಯಾಸ ಇನ್ನೂ ಬಿಗಿ: ಸ್ಟ್ರೆಸ್ಸಿನಲ್ಲಿ ಅದರ ವರ್ಗವಿದೆ, ಹಾನಿಯಲ್ಲಿ ಆರನೇ ಘಾತ. ತುಕ್ಕಿನಿಂದ ವ್ಯಾಸ ಶೇ. 5 ಸವೆದ ಕೊಂಡಿಯಲ್ಲಿ ಹಾನಿಯ ವೇಗ ಶೇ. 36 ಹೆಚ್ಚು. ಆದ್ದರಿಂದ ಆರ್‌ಒವಿ (ದೂರದಿಂದ ನಡೆಸುವ ನೀರೊಳಗಿನ ಯಂತ್ರ) ಕ್ಯಾಲಿಪರಿನ ಅಳತೆ ಬಂದಾಗಲೆಲ್ಲ ಲೆಕ್ಕದಲ್ಲಿ ವ್ಯಾಸ ಬದಲಿಸಬೇಕು. ಚಿಪ್ಪು, ಪಾಚಿ ಕೆರೆಯದೆ ತೆಗೆದ ಅಳತೆ ನಂಬಬೇಡಿ. ಸವೆದ ಕೊಂಡಿಯೂ ದಪ್ಪಗೆ ಕಾಣುತ್ತದೆ.

ಏರುಪೇರಾದ ಸಿಗ್ನಲ್ಲಿನಿಂದ ಆವರ್ತ ಎಣಿಸಲು ರೇನ್‌ಫ್ಲೋ ವಿಧಾನ, ಪ್ರತಿ ಆವರ್ತದ ಹಾನಿ ಕೂಡಲು ಮೈನರ್ ಸೂತ್ರ. ಒಂದು ಎಚ್ಚರಿಕೆ: ಮೂರು ಗಂಟೆಯ ಕಡತದ ಕೊನೆಯಲ್ಲಿ ಪೂರ್ಣವಾಗದೆ ಉಳಿದ ಅರ್ಧ ಆವರ್ತಗಳನ್ನು ಎಸೆಯದೆ ಮುಂದಿನ ಕಡತಕ್ಕೆ ಒಯ್ಯಿರಿ. ಗಾಳಿಯ ದಿಕ್ಕು, ಡ್ರಾಫ್ಟ್ (ಘಟಕ ನೀರಲ್ಲಿ ಮುಳುಗಿರುವ ಆಳ) ಬದಲಾದಾಗಿನ ದೊಡ್ಡ ನಿಧಾನ ಏರಿಳಿತಗಳು ಅಲ್ಲೇ ಇರುತ್ತವೆ.

ಇಷ್ಟೆಲ್ಲ ಸರಿಯಿದ್ದೂ ಸರಪಳಿ ಕಡಿದೀತು. 2002ರಲ್ಲಿ ಅಂಗೋಲಾದ ಗಿರಾಸೋಲ್ ತೈಲಕ್ಷೇತ್ರದ ಲೋಡಿಂಗ್ ಬಾಯ್‌ನ (ಹಡಗಿಗೆ ತೈಲ ತುಂಬಿಸುವ ತೇಲು ಬುರುಡೆ) ಸರಪಳಿಗಳು ಹಾಕಿ ವರ್ಷ ತುಂಬುವ ಮೊದಲೇ ತುಂಡಾದದ್ದು ಹೀಗೆ. ಎಳೆತದ ಲೆಕ್ಕದಲ್ಲಿ ದೋಷ ಕಾಣುತ್ತಿರಲಿಲ್ಲ. ಕಾರ್ಖಾನೆಯ ಪ್ರೂಫ್ ಲೋಡಿನಲ್ಲಿ (ಬಲ ಪರೀಕ್ಷೆಯ ಎಳೆತ) ಕೊಂಡಿಗಳು ಮುಟ್ಟುವ ಜಾಗ ಚಪ್ಪಟೆಯಾಗುತ್ತದೆ. ಹೆಚ್ಚಿನ ಎಳೆತವೂ ಸೇರಿದರೆ ಕೊಂಡಿಗಳು ಒಂದರ ಮೇಲೊಂದು ಉರುಳದೆ ಘರ್ಷಣೆಯಲ್ಲಿ ಕಚ್ಚಿಕೊಳ್ಳುತ್ತವೆ. ಬಾಯ್ ಹೊರಳಿದಂತೆಲ್ಲ ಹಾಸ್‌ನಿಂದ (ಸರಪಳಿ ಹಾದುಹೋಗುವ ಕೊಳವೆ) ಹೊರಬಂದ ಮೊದಲ ಬಿಡಿ ಕೊಂಡಿ ಸಲಾಕೆಯಂತೆ ಬಾಗುತ್ತದೆ.

ಈ ಬಾಗನ್ನು ಹಿಡಿಯಲು ಬಾಯ್ ಮತ್ತು ಸರಪಳಿಯ ನಡುವಿನ ಕೋನ ಬೇಕು, ಅದೂ ಡಿಗ್ರಿಯ ಭಾಗಗಳಲ್ಲಿ. ಸಾಮಾನ್ಯ ಇನ್‌ಕ್ಲಿನೋಮೀಟರ್ (ಓರೆ ಅಳೆಯುವ ಸಾಧನ) ಇಲ್ಲಿ ಮೋಸ ಮಾಡುತ್ತದೆ: ಅಡ್ಡ ವೇಗೋತ್ಕರ್ಷವನ್ನೂ ಅದು ಓರೆಯೆಂದೇ ಓದುತ್ತದೆ. 10 ಸೆಕೆಂಡಿನ ಅಲೆಯಲ್ಲಿ ಅತ್ತಿತ್ತ 1 ಮೀಟರ್ ಸರಿದರೆ ಸಾಕು, 2.3 ಡಿಗ್ರಿ ಸುಳ್ಳು ಕೋನ. ಗೈರೋ ಇರುವ ಸಂವೇದಕಗಳನ್ನೇ ಬಳಸಿ, ಒಂದನ್ನು ಬಾಯ್ ಮೈಗೆ, ಒಂದನ್ನು ಸರಪಳಿಗೆ ಕಟ್ಟಿ, ಎರಡರ ವ್ಯತ್ಯಾಸ ತೆಗೆಯಿರಿ. ಎರಡಕ್ಕೂ ಒಂದೇ ಗಡಿಯಾರವಿರಲಿ. ಅರ್ಧ ಸೆಕೆಂಡ್ ಹಿಂದುಮುಂದಾದರೂ ಇಲ್ಲದ ಬಾಗು ಹುಟ್ಟಿಕೊಳ್ಳುತ್ತದೆ.

ಬಿರುಗಾಳಿಯಲ್ಲಿ ವಿದ್ಯುತ್ ಹೋಗಿ ದಾಖಲೆ ತಪ್ಪಿದ ಗಂಟೆಗಳಿಗೆ ತಿಂಗಳ ಸರಾಸರಿ ತುಂಬಬೇಡಿ. ಅದೇ ಅಲೆ ಎತ್ತರ, ಅವಧಿ, ದಿಕ್ಕಿನ ಹಳೆಯ ದಾಖಲೆಯಿಂದ ತುಂಬಿ. ಅಂಥದ್ದು ಸಿಗದಿದ್ದರೆ ಸಂಖ್ಯಾ ಮಾದರಿ ಓಡಿಸಿ.