ಸಂಜೆ ಐದಕ್ಕೆ ಲಾಯ, ರಾತ್ರಿಯೆಲ್ಲ ಗಾಳಿ: ಕುದುರೆಯ ತುರಿಕೆಗೆ ನಾನು ಮಾಡುವುದು

ಬಾಲದ ಬುಡವನ್ನು ಕಂಬಕ್ಕೆ ಉಜ್ಜಿ ಉಜ್ಜಿ ಕೂದಲು ಸವೆದ ಪೊರಕೆಯಂತಾಗಿದೆ. ಕತ್ತಿನ ಜೂಲು ಅಲ್ಲಲ್ಲಿ ಬೋಳಾಗಿ, ಕೆಳಗಿನ ಚರ್ಮ ದಪ್ಪಗೆ ಮಡಿಕೆ ಬಿದ್ದಿದೆ. ಮಳೆ ಶುರುವಾದರೆ ಹೆಚ್ಚುತ್ತದೆ, ಒಣಹವೆ ಬಂದರೆ ತಗ್ಗುತ್ತದೆ. ಇಂಥ ಕುದುರೆಯನ್ನು ಕಂಡರೆ ನನ್ನ ಮೊದಲ ಅನುಮಾನ ನೊರಜಿನ ಮೇಲೆ. ಕ್ಯುಲಿಕಾಯ್ಡಿಸ್ ಎನ್ನುವ ಗುಂಪಿನ, ಒಂದರಿಂದ ಮೂರು ಮಿಲಿಮೀಟರ್ ಉದ್ದದ, ರಕ್ತ ಹೀರುವ ನೊರಜು ಇದು. ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವುದೂ ಇದೇ ಗುಂಪು. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳಲ್ಲಿ ನಮ್ಮ ಕುರಿಗಾಹಿಗಳಿಗೆ ಯಾಕೆ ಭಯವೋ, ಕುದುರೆ ಸಾಕುವವರಿಗೂ ಅದಕ್ಕೇ ಭಯ.

ಕಡಿತಕ್ಕಿಂತ ದೊಡ್ಡ ತೊಂದರೆ ಅದರ ಜೊಲ್ಲಿನಿಂದ ಏಳುವ ಅಲರ್ಜಿ. ಒಂದೇ ಲಾಯದ ನಾಲ್ಕು ಕುದುರೆಗಳಿಗೂ ಕಚ್ಚುತ್ತದೆ, ಮೈ ಹರಿದುಕೊಳ್ಳುವುದು ಒಂದೇ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷದ ಪ್ರಾಯದಲ್ಲಿ ಶುರುವಾಗಿ ವರ್ಷ ವರ್ಷಕ್ಕೆ ಏರುತ್ತದೆ. ಬೇರುಸಹಿತ ಕೀಳುವ ಔಷಧಿ ಇಲ್ಲ. ಆದ್ದರಿಂದ ಮುಲಾಮು ಹುಡುಕುವ ಮೊದಲು ಕಡಿತ ನಿಲ್ಲಿಸುವುದನ್ನೇ ನಾನು ಮಾಡುತ್ತೇನೆ.

ಹಾಗೆಂದು ತುರಿಕೆಯೆಲ್ಲ ನೊರಜಿನದೇ ಅಲ್ಲ. ಬಾಲದ ಬುಡ ಮಾತ್ರ ಉಜ್ಜುತ್ತಿದ್ದು ಜೂಲು ನೆಟ್ಟಗಿದ್ದರೆ ಗುದದ್ವಾರದ ಸುತ್ತ ಮೊಟ್ಟೆಯಿಡುವ ದಾರಹುಳು ಇರಬಹುದು. ಬೆಳಗ್ಗೆ ಮೈ ತೊಳೆಯುವ ಮೊದಲು ಪಾರದರ್ಶಕ ಅಂಟುಪಟ್ಟಿಯನ್ನು ಅಲ್ಲಿಗೆ ಒತ್ತಿ ತೆಗೆದು, ಗಾಜಿನ ಪಟ್ಟಿಗೆ ಅಂಟಿಸಿ ಪಶುವೈದ್ಯರಿಗೆ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಾಣುತ್ತದೆ. ಜೂಲಿನ ಬುಡ ಬಿಡಿಸಿ ನೋಡಿದಾಗ ಕೂದಲಿಗೆ ಸೀರು ಅಂಟಿದ್ದರೆ ಹೇನು. ಕಾಲಿನ ಕೆಳಭಾಗ ಕಚ್ಚಿಕೊಂಡು ನೆಲಕ್ಕೆ ಕುಟ್ಟುತ್ತಿದ್ದರೆ ಕಜ್ಜಿಯ ನುಸಿ. ಬೆನ್ನಿನ ಮೇಲೆ ಹಕ್ಕಳೆ ಕಟ್ಟಿ, ಕಿತ್ತರೆ ಕೂದಲಿನ ಕುಚ್ಚು ಸಮೇತ ಬಂದು, ಮುಟ್ಟಿದರೆ ಕುದುರೆ ನೋವಿಗೆ ಸರಿಯುತ್ತಿದ್ದರೆ ಅದು ಮಳೆಯಲ್ಲಿ ನೆನೆದ ಮೈಗೆ ಬರುವ ಬ್ಯಾಕ್ಟೀರಿಯಾ ಸೋಂಕು. ಅದರಲ್ಲಿ ತುರಿಕೆ ಕಡಿಮೆ. ಹುರುಳಿ ಉಷ್ಣ, ಅದಕ್ಕೇ ತುರಿಕೆ ಎನ್ನುವವರು ಬಹಳ. ಮೇವಿನ ಅಲರ್ಜಿ ಇಲ್ಲವೆಂದಲ್ಲ, ಆದರೆ ವರ್ಷವಿಡೀ ಅದೇ ಹುರುಳಿ ತಿನ್ನುವ ಕುದುರೆ ಮಳೆಗಾಲದಲ್ಲಿ ಮಾತ್ರ ಉಜ್ಜುತ್ತಿದ್ದರೆ ಹುರುಳಿಯನ್ನು ದೂರುವುದು ಸರಿಯಲ್ಲ.

ನೊರಜನ್ನು ಕಣ್ಣಾರೆ ನೋಡಬೇಕೆಂದರೆ ಸೂರ್ಯ ಮುಳುಗಿದ ಅರ್ಧ ಗಂಟೆಗೆ, ಗಾಳಿಯಿಲ್ಲದ ದಿನ, ಟಾರ್ಚ್ ಹಿಡಿದು ಕುದುರೆಯ ಹೊಟ್ಟೆಯ ಕೆಳಗೆ ಬಗ್ಗಿ. ಹೊಕ್ಕುಳಿನ ಮುಂದೆ, ನಡುಗೆರೆಯ ಎರಡೂ ಬದಿಗೆ ಕೂದಲು ತೆಳುವಾಗಿರುವ ಕಡೆ ಕರಿ ಎಳ್ಳಿಗಿಂತ ಸಣ್ಣ ಚುಕ್ಕೆಗಳು ಕೂತಿರುತ್ತವೆ. ಬೆರಳಿನಿಂದ ಒರೆಸಿದರೆ ರಕ್ತದ ಗೀರು ಬರುತ್ತದೆ. ಹಗಲಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅದಕ್ಕೇ ಎಷ್ಟೋ ಜನ ‘ನಮ್ಮಲ್ಲಿ ಸೊಳ್ಳೆ ನೊಣ ಏನೂ ಇಲ್ಲ’ ಎಂದು ನಂಬಿರುತ್ತಾರೆ.

ಈ ನೊರಜಿಗೆ ಹಾರುವ ಬಲ ಕಡಿಮೆ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಗಾಳಿ ಬೀಸಿದರೂ ಅದು ಮೈಮೇಲೆ ಇಳಿಯಲಾರದು. ನನ್ನ ಕೆಲಸವೆಲ್ಲ ನಿಂತಿರುವುದು ಇದರ ಮೇಲೆಯೇ. ಸಂಜೆ ಐದಕ್ಕೆ ಕುದುರೆ ಲಾಯದೊಳಗೆ, ಬೆಳಗ್ಗೆ ಬಿಸಿಲು ಏರಿ ಎಂಟಾದ ಮೇಲೆ ಹೊರಗೆ. ಗೋಡೆಗೆ ಎಂಟಡಿಗಿಂತ ಮೇಲೆ ಎರಡು ಫ್ಯಾನು, ಒಂದು ಬೆನ್ನಿನುದ್ದಕ್ಕೆ, ಇನ್ನೊಂದು ಕೆಳಮುಖವಾಗಿ ಹೊಟ್ಟೆ ಕಾಲಿನ ಕಡೆಗೆ. ಒಂದೇ ಫ್ಯಾನು ಹಾಕಿದರೆ ಹೊಟ್ಟೆಯಡಿ ಗಾಳಿ ಸುಳಿಯದು, ನೊರಜು ಅಲ್ಲಿಗೇ ಸೇರುತ್ತದೆ. ತಿರುಗುವ ಫ್ಯಾನೂ ಬೇಡ, ಅದು ಮುಖ ತಿರುಗಿಸಿದಷ್ಟು ಹೊತ್ತು ಕಡಿತ ನಡೆಯುತ್ತದೆ. ವೈರು ಪೂರ್ತಿ ಪೈಪಿನೊಳಗಿರಲಿ, ಕುದುರೆಗಳು ಕಡಿಯುತ್ತವೆ, ಇಲಿಯೂ ಕಡಿಯುತ್ತದೆ. ವಿದ್ಯುತ್ ಸೋರಿದರೆ ತಾನೇ ಕಡಿತವಾಗುವ ಸ್ವಿಚ್ ಇಲ್ಲದೆ ಒದ್ದೆ ಲಾಯದಲ್ಲಿ ಫ್ಯಾನು ಹಾಕಲೇಬೇಡಿ.

ಮಾಮೂಲಿ ಸೊಳ್ಳೆ ಪರದೆ ಕಟ್ಟಿ ಮೋಸಹೋಗುವವರಿದ್ದಾರೆ. ಅದರ ಕಣ್ಣಿನಲ್ಲಿ ನೊರಜು ಸಲೀಸಾಗಿ ನುಸುಳುತ್ತದೆ. ಇನ್ನೂ ಒತ್ತಾದ ನೇಯ್ಗೆ ಬೇಕು, ಆಗ ಗಾಳಿ ಕಡಿಮೆಯಾಗಿ ಒಳಗೆ ಸೆಕೆ. ನಾನು ಪರದೆಗಿಂತ ಫ್ಯಾನನ್ನೇ ನಂಬುತ್ತೇನೆ.

ಇದರ ಮರಿ ಬೆಳೆಯುವುದು ಲದ್ದಿ, ಸಗಣಿ ಬೆರೆತ ಒದ್ದೆ ಮಣ್ಣಿನಲ್ಲಿ. ನೀರಿನ ತೊಟ್ಟಿ ಸೋರಿ ಸುತ್ತ ಕೆಸರಾಗಿದ್ದರೆ ಅಲ್ಲೇ ತವರು. ತೊಟ್ಟಿಯ ಸುತ್ತ ಜಲ್ಲಿ ಹಾಕಿ, ಲದ್ದಿಯನ್ನು ವಾರ ತುಂಬುವ ಮೊದಲೇ ಲಾಯದಿಂದ ದೂರ ಸಾಗಿಸುತ್ತೇನೆ. ನಾಲೆ ಬಯಲಿನಲ್ಲಿ ಸುತ್ತ ಭತ್ತದ ಗದ್ದೆಯಿದ್ದರೆ ನೊರಜು ಪೂರ್ತಿ ಹೋಗದು, ಕಡಿಮೆಯಾಗುತ್ತದೆ ಅಷ್ಟೆ.

ಹಚ್ಚುವುದು ಇದೆಲ್ಲದರ ನಂತರ. ಮನುಷ್ಯರ ಕಜ್ಜಿಗೆ ಕೊಡುವ ಶೇಕಡಾ 25ರ ಬೆಂಜೈಲ್ ಬೆಂಜೋಯೇಟ್ ಲೋಷನ್ ಒಂದು ಪಾಲು, ಲಿಕ್ವಿಡ್ ಪ್ಯಾರಾಫಿನ್ ಒಂದು ಪಾಲು, ಪ್ರತಿ ಸಲವೂ ಚೆನ್ನಾಗಿ ಕುಲುಕಿ ಜೂಲಿನ ಬುಡಕ್ಕೆ, ಬಾಲದ ಬುಡಕ್ಕೆ. ಗಾಯವಾಗಿ ಹಸಿಯಾದ ಜಾಗಕ್ಕೆ ಹಚ್ಚಬಾರದು, ಉರಿಗೆ ಕುದುರೆ ಒದೆಯುತ್ತದೆ. ಅದು ಸಿಗದಿದ್ದರೆ 50 ಮಿಲಿಲೀಟರ್ ಬೇವಿನೆಣ್ಣೆಯನ್ನು 450 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಬೆರೆಸಿ. ಯಾವುದೇ ಆಗಲಿ, ಮೊದಲು ಭುಜದ ಮೇಲೆ ರೂಪಾಯಿಯಗಲ ಹಚ್ಚಿ ಒಂದು ದಿನ ನೋಡಿ, ಬಿಸಿಲು ಇಳಿದ ಮೇಲೆಯೇ ಹಚ್ಚಿ, ಜೀನು ಕೂರುವ ಜಾಗ ಬಿಡಿ. ಹಸಿ ಗಾಯಕ್ಕೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯುವುದು ಸಾಕು. ನೊಣ ಕೂತು ಹುಳ ಬೀಳದಂತೆ ದಿನಕ್ಕೆರಡು ಸಲ ನೋಡಲೇಬೇಕು.

ಎಮ್ಮೆ ಹಸುವಿನ ಉಣ್ಣೆಗೆ ತಂದಿಟ್ಟ ಅಮಿಟ್ರಾಜ್ ಔಷಧಿಯನ್ನು ಕುದುರೆಗೆ ಬಳಸಲೇಬೇಡಿ. ಅದು ಕುದುರೆಯ ಕರುಳಿನ ಚಲನೆಯನ್ನು ನಿಲ್ಲಿಸಿ, ಲದ್ದಿ ಕಟ್ಟಿ, ಹೊಟ್ಟೆಶೂಲೆಯಿಂದ ಪ್ರಾಣಕ್ಕೇ ಎರವಾಗಬಹುದು. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಕೂಡ ಬೇಡ, ಚರ್ಮ ಬೇಯುತ್ತದೆ. ಹುಳು, ಹೇನು, ನುಸಿಗೆಂದು ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಕುದುರೆಗೆ ಹಾಕಿದರೆ ಚುಚ್ಚಿದ ಜಾಗ ಬಾತು ಕೊಳೆಯುವ ಅಪಾಯವಿದೆ. ಕುದುರೆಗೆ ಬಾಯಿಗೆ ಕೊಡುವ ಪೇಸ್ಟೇ ಸರಿ, ಕಿಲೋ ತೂಕಕ್ಕೆ 0.2 ಮಿಲಿಗ್ರಾಂ.

ಆ ತೂಕ ಕಣ್ಣಂದಾಜಿನದಾದರೆ ಪ್ರಮಾಣ ತಪ್ಪುತ್ತದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 168, ಉದ್ದ 160 ಆದರೆ ಸುಮಾರು 380 ಕಿಲೋ. ಪಶುವೈದ್ಯರು ಅಲರ್ಜಿಗೆ ಸೆಟಿರಿಜಿನ್ ಬರೆದರೂ ಲೆಕ್ಕ ಇದೇ: ಕಿಲೋಗೆ 0.2 ಮಿಲಿಗ್ರಾಂ ಎಂದರೆ ಈ ಕುದುರೆಗೆ ಒಂದು ಹೊತ್ತಿಗೆ 10 ಮಿಲಿಗ್ರಾಂನ ಏಳೆಂಟು ಮಾತ್ರೆ, ದಿನಕ್ಕೆ ಎರಡು ಹೊತ್ತು. ನಮಗೆ ಕೊಡುವಂತೆ ಒಂದೇ ಮಾತ್ರೆ ಕೊಟ್ಟು ‘ಔಷಧಿ ಹತ್ತಲಿಲ್ಲ’ ಎನ್ನುವುದು ತಪ್ಪು. ಹಾಗೆ ಕೊಟ್ಟರೂ ಎಲ್ಲ ಕುದುರೆಗೂ ಗುಣ ಕಾಣದು. ಸ್ಟೆರಾಯ್ಡ್ ಬೇಗ ತಣಿಸುತ್ತದೆ, ಆದರೆ ಗೊರಸಿನೊಳಗೆ ಉರಿಯೂತ ಎದ್ದು ಕುದುರೆ ಕುಂಟಾಗುವ ಭಯವಿರುವುದರಿಂದ ವೈದ್ಯರ ಕಣ್ಣಳತೆಯಲ್ಲಿ, ಕಡಿಮೆ ದಿನ ಮಾತ್ರ. ರೇಸಿನ ಕುದುರೆಯಾದರೆ ಇವೆರಡಕ್ಕೂ ಮುಂಚೆ ವೈದ್ಯರನ್ನು ಕೇಳಿ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಫ್ಯಾನು ಮತ್ತು ಲಾಯದ ಹೊತ್ತು ತಪ್ಪದೆ ಪಾಲಿಸಿ ಮೂರು ವಾರ ಕಾಯಿರಿ. ಅಷ್ಟರಲ್ಲಿ ಬಾಲದ ಬುಡದಲ್ಲಿ ಹೊಸ ಕೂದಲಿನ ಮೊಳಕೆ ಕೈಗೆ ಚುಚ್ಚುವಂತೆ ಸಿಗದಿದ್ದರೆ ಕಾರಣ ಬೇರೆ ಇದೆಯೆಂದು ಮತ್ತೆ ಮೊದಲಿನಿಂದ ನೋಡುತ್ತೇನೆ. ಸಿಕ್ಕಿದರೆ, ಆ ವರ್ಷ ಉಜ್ಜಲು ಶುರುಮಾಡಿದ ತಾರೀಖನ್ನು ಲಾಯದ ಬಾಗಿಲ ಹಿಂದೆ ಬರೆದಿಡುತ್ತೇನೆ. ಮುಂದಿನ ವರ್ಷ ಆ ತಾರೀಖಿಗೆ ಮೂರು ವಾರ ಮೊದಲೇ ಫ್ಯಾನು ತಿರುಗಬೇಕು.