ಆರು ಮನೆಯ ಕಾಗದ

ಗಣಿತ ಕಲಿಸಲು ಆರಂಭಿಸಿದ ಎರಡನೆಯ ವರ್ಷ ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಗಾರ್ಡ್ನರ್ ಅವರ ಬಹು ಬುದ್ಧಿಮತ್ತೆ ಸಿದ್ಧಾಂತವನ್ನು ಓದಿದೆ. ಬುದ್ಧಿ ಒಂದೇ ಬಗೆಯದಲ್ಲ. ಭಾಷೆ, ತರ್ಕ, ಸಂಗೀತ, ದೇಹಚಲನೆ ಎಂದು ಮೊದಲಾಗಿ ಏಳು ಬಗೆಯದು ಎಂದು 1983ರಲ್ಲಿ ಅವರು ಹೇಳಿದ್ದರು. ಲೆಕ್ಕ ಬಾರದ ಮಗುವನ್ನು ದಡ್ಡ ಎಂದು ಕರೆಯುವುದನ್ನು ಕೇಳಿ ಕೇಳಿ ನೊಂದಿದ್ದ ನನಗೆ ಅದರಿಂದ ಉಸಿರಾಡಿದಂತಾಯಿತು.

ಆ ಉತ್ಸಾಹದಲ್ಲೇ ಎಡವಿದೆ. ಪ್ರಶ್ನಾವಳಿ ಹಂಚಿ, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ತರಗತಿಯನ್ನು ಮೂರು ಪಾಲು ಮಾಡಿದೆ. ಭಿನ್ನರಾಶಿಗೆ ಬಂದಾಗ ಒಂದು ಗುಂಪಿಗೆ ಚಿತ್ರ, ಒಂದಕ್ಕೆ ವಿವರಣೆ, ಮತ್ತೊಂದಕ್ಕೆ ಕಾಗದ ಮಡಿಸುವ ಕೆಲಸ ಕೊಟ್ಟೆ. ಕಾಗದವನ್ನು ಬಲು ಅಚ್ಚುಕಟ್ಟಾಗಿ ಮಡಿಸಿದ ಹುಡುಗಿಯೊಬ್ಬಳು ಮರುವಾರ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ 2/5 ಎಂದು ಬರೆದಳು. ತಿದ್ದಲು ಕುಳಿತರೆ, "ನನಗೆ ಬರೆದು ಮಾಡುವುದು ಬರುವುದಿಲ್ಲ, ನಾನು ಮಾಡಿ ಕಲಿಯುವವಳಲ್ಲವೇ?" ಎಂದಳು. ಅದು ನಾನೇ ಅವಳ ಬಾಯಿಗೆ ಹಾಕಿದ ಮಾತು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮತ್ತೆ ಓದಲು ಕುಳಿತೆ. ಬುದ್ಧಿಯ ಬಗೆ ಬೇರೆ, ನೋಡಿ, ಕೇಳಿ, ಮಾಡಿ ಕಲಿಯುವುದೆಂಬ ಕಲಿಕೆಯ ಶೈಲಿ ಬೇರೆ ಎಂದು ಗಾರ್ಡ್ನರ್ ಅವರೇ ಎಚ್ಚರಿಸಿದ್ದಾರೆ. ಮಗುವಿನ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು 2008ರಲ್ಲಿ ನಾಲ್ವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ ಬರೆದಿದ್ದರು. ಮಕ್ಕಳಿಗೆ ಇಷ್ಟಗಳಿರುವುದು ನಿಜ. ಆದರೆ ಭಿನ್ನರಾಶಿ ಎಲ್ಲರಿಗೂ ಕಣ್ಣಿಗೂ ಕೈಗೂ ಸಿಗಬೇಕಾದ ವಿಷಯ. ಕೊನೆಗೆ ಅಂಕಿಯಲ್ಲಿ ಬರೆಯಲೂ ಬರಬೇಕು.

ಗುಂಪುಗಳನ್ನು ಮುರಿದೆ. ಪ್ರತಿಯೊಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟೆ. ಉದ್ದಕ್ಕೆ ಎರಡು ಪಾಲು, ಅಡ್ಡಕ್ಕೆ ಮೂರು ಪಾಲು ಮಡಿಸಿ ಬಿಡಿಸಿದರೆ ಆರು ಮನೆಗಳು. ಅರ್ಧ ಎಂದರೆ ಮೂರು ಮನೆ, ಮೂರನೇ ಒಂದು ಎಂದರೆ ಎರಡು ಮನೆ. ಬಣ್ಣ ಹಚ್ಚಿದ ಮೇಲೆ ಪಕ್ಕದವರಿಗೆ ಬಾಯಿಬಿಟ್ಟು ವಿವರಿಸಬೇಕು, ಆಮೇಲೆ ಅಂಕಿಯಲ್ಲಿ ಬರೆಯಬೇಕು. ಎರಡು ದಿನ ಬಿಟ್ಟು, ಕಾಗದವಿಲ್ಲದೆ, ಪುಸ್ತಕ ಮುಚ್ಚಿ, ನೆನಪಿನಿಂದಲೇ ಮತ್ತೊಮ್ಮೆ ಮಾಡಬೇಕು. ಅವಸರದಲ್ಲಿ ನಾನು ಬಿಟ್ಟುಬಿಡುತ್ತಿದ್ದದ್ದು ಈ ಕೊನೆಯ ಹಂತವನ್ನೇ. ಈಗ ಏನು ಬಿಟ್ಟರೂ ಇದನ್ನು ಬಿಡುವುದಿಲ್ಲ.

ಆ ಹುಡುಗಿ ಮುಚ್ಚಿದ ಪುಸ್ತಕದ ಮೇಲೆ ಬೆರಳಿನಿಂದ ಮನೆಗಳನ್ನು ಗೀಚಿಕೊಂಡಳು. 5/6 ಎಂದು ಬರೆದಳು. ಹಳೆಯ ಉತ್ತರವನ್ನು ತೆಗೆದು ನೋಡಿ, ತಾನಾಗಿಯೇ ಕೇಳಿದಳು: "2/5 ಅರ್ಧಕ್ಕಿಂತ ಚಿಕ್ಕದು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅದು ಚಿಕ್ಕದಾಗುವುದು ಹೇಗೆ?"