ದಪ್ಪ ‘ಎಫ್’ ಎಲ್ಲಿ ಕಳೆದುಹೋಯಿತು?
ಲೇಟೆಕ್ ಸಮೀಕರಣವನ್ನು ವರ್ಡ್‌ಗೆ, ವೆಬ್‌ಗೆ ಬದಲಿಸುವಾಗ ಅಕ್ಷರದ ರೂಪ ಕೆಟ್ಟರೆ ಹೀಗೆ ಹುಡುಕಿ

ಪ್ರಥಮ ಪಿಯುಸಿ ಭೌತಶಾಸ್ತ್ರದ ಟಿಪ್ಪಣಿಗಳನ್ನು ನಾನು, ಆಜ್ಞೆಗಳಿಂದ ಸಮೀಕರಣ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಬರೆಯುತ್ತೇನೆ. ನ್ಯೂಟನ್ನನ ಎರಡನೇ ನಿಯಮದಲ್ಲಿ ಬಲದ ‘ಎಫ್’, ವೇಗೋತ್ಕರ್ಷದ ‘ಎ’ ಎರಡೂ ದಪ್ಪಕ್ಷರ, ಏಕೆಂದರೆ ಅವು ಸದಿಶಗಳು, ಅಂದರೆ ಪರಿಮಾಣದ ಜತೆ ದಿಕ್ಕೂ ಇರುವಂಥವು. ಟಿಪ್ಪಣಿಯನ್ನು ವೆಬ್ ಪುಟ ಮಾಡಿದಾಗ ಎರಡೂ ತೆಳ್ಳಗಿನ ಓರೆ ಅಕ್ಷರಗಳಾಗಿದ್ದವು. ತೆಳ್ಳಗಿನ ‘ಎಫ್’ ಅಂದರೆ ಬಲದ ಪರಿಮಾಣ ಮಾತ್ರ, ದಿಕ್ಕು ಇಲ್ಲ. ಓದುವ ವಿದ್ಯಾರ್ಥಿಗೆ ಅದು ಬೇರೆಯದೇ ಸಮೀಕರಣ, ಅಲ್ವಾ?

ಇಂಥ ಹೊತ್ತಿನಲ್ಲಿ ಕೊನೆಯ ಫೈಲ್ ತೆರೆದು ಒಂದೊಂದೇ ಅಕ್ಷರ ತಿದ್ದಬೇಡಿ. ಮೂಲ ಬದಲಾಗಿ ಮತ್ತೆ ಪರಿವರ್ತಿಸಿದ ದಿನ ಅಷ್ಟೂ ಕೆಲಸ ನೀರುಪಾಲು. ರೂಪ ಯಾವ ಹಂತದಲ್ಲಿ ಸೋರಿತು ಎಂದು ಮೊದಲು ಕಂಡುಹಿಡಿಯಿರಿ.

1. ಒಂದೇ ಸಮೀಕರಣ ಇಟ್ಟುಕೊಳ್ಳಿ. ಹೊಸ ಫೈಲ್‌ನಲ್ಲಿ ಕೆಟ್ಟ ಸಮೀಕರಣ ಒಂದನ್ನೇ ಹಾಕಿ ಪರಿವರ್ತಿಸಿ. ಅಲ್ಲಿ ಸರಿ ಬಂದರೆ ತೊಂದರೆ ದೊಡ್ಡ ಫೈಲ್‌ನ ಬೇರೆ ಕಡೆ ಇದೆ. ಆಗ ಆ ಫೈಲ್‌ನ ನಕಲಿನಲ್ಲಿ ಅರ್ಧ ಅಳಿಸಿ ನೋಡಿ, ಉಳಿದದ್ದರಲ್ಲಿ ಮತ್ತೆ ಅರ್ಧ. ಬೇಗ ಸಿಗುತ್ತದೆ.

2. ಪರಿವರ್ತಕ ಏನು ಓದಿಕೊಂಡಿದೆ ನೋಡಿ. ನಾನು ಬಳಸುವುದು ಪ್ಯಾನ್‌ಡಾಕ್. ಔಟ್‌ಪುಟ್ ಜಾಗದಲ್ಲಿ ‘ನೇಟಿವ್’ ಎಂದು ಕೊಟ್ಟರೆ ತಾನು ಓದಿಕೊಂಡದ್ದನ್ನು ಹಾಗೇ ತೋರಿಸುತ್ತದೆ. ಸದಿಶಕ್ಕೆಂದು ನೀವೇ ಒಂದು ಕಿರು ಆಜ್ಞೆ ಮಾಡಿಕೊಂಡಿದ್ದು, ಅದರ ವಿವರಣೆ ಬೇರೆ ಫೈಲ್‌ನಲ್ಲಿ ಉಳಿದಿದ್ದರೆ ಇಲ್ಲೇ ಗೊತ್ತಾಗುತ್ತದೆ. ಆ ವಿವರಣೆಯನ್ನು ಇದೇ ಫೈಲ್‌ನ ಮೇಲ್ಭಾಗಕ್ಕೆ ತನ್ನಿ. ಎಚ್ಚರಿಕೆಯ ಸಾಲುಗಳನ್ನೂ ಓದಿ. ತನಗೆ ಅರ್ಥವಾಗದ ಸಮೀಕರಣವನ್ನು ಪ್ಯಾನ್‌ಡಾಕ್ ಲೇಟೆಕ್ ರೂಪದಲ್ಲೇ ಬಿಟ್ಟು, ಹಾಗೆ ಮಾಡಿದೆ ಎಂದು ಹೇಳುತ್ತದೆ.

3. ವರ್ಡ್ ಫೈಲ್ ಬಿಚ್ಚಿ. ಡಾಕ್ಸ್ ಫೈಲ್ ಅಂದರೆ ಒಂದು ಜಿಪ್ ಕಟ್ಟು. ನಕಲು ಮಾಡಿ, ಹೆಸರಿನ ಕೊನೆಗೆ ಜಿಪ್ ಎಂದು ಬದಲಿಸಿ ತೆರೆಯಿರಿ. ‘ವರ್ಡ್’ ಫೋಲ್ಡರ್‌ನಲ್ಲಿ ‘ಡಾಕ್ಯುಮೆಂಟ್’ ಎಂಬ ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಅದರಲ್ಲಿ ನಿಮ್ಮ ‘ಎಫ್’ ಹುಡುಕಿ. ಅದರ ಹಿಂದೆ ‘ಎಸ್‌ಟಿವೈ’ ಎಂಬ ಗುರುತಿಗೆ ‘ಬಿ’ ಎಂಬ ಬೆಲೆ ಇದ್ದರೆ ದಪ್ಪ, ‘ಪಿ’ ಇದ್ದರೆ ನೆಟ್ಟಗಿನ ಅಕ್ಷರ. ಆ ಗುರುತೇ ಇಲ್ಲದಿದ್ದರೆ ವರ್ಡ್ ಅದನ್ನು ಓರೆ ಮಾಡುತ್ತದೆ, ಅಂದರೆ ಪರಿವರ್ತನೆಯಲ್ಲೇ ಕಳೆದಿದೆ. ಗುರುತು ಇದ್ದೂ ಪರದೆಯಲ್ಲಿ ಕಾಣದಿದ್ದರೆ ಫಾಂಟ್ ನೋಡಿ.

4. ವೆಬ್‌ನಲ್ಲಿ ಬ್ರೌಸರ್‌ನ ನಿಯಮ ತಿಳಿಯಿರಿ. ನನ್ನ ದಪ್ಪ ‘ಎಫ್’ ಕಳೆದದ್ದು ಇಲ್ಲಿ. ವೆಬ್‌ನಲ್ಲಿ ಗಣಿತ ಬರೆಯುವ ಮ್ಯಾಥ್‌ಎಂಎಲ್ 1998ರಿಂದ ಇದೆ. ಅದರಲ್ಲಿ ದಪ್ಪ, ಓರೆ ಎಂದು ಹೇಳಲು ‘ಮ್ಯಾಥ್‌ವೇರಿಯಂಟ್’ ಎಂಬ ಗುಣವಿತ್ತು. 2023ರ ಜನವರಿಯಲ್ಲಿ ಕ್ರೋಮ್ 109 ಬಂದಾಗ ಅದು ಬೆಂಬಲಿಸಿದ್ದು ‘ಮ್ಯಾಥ್‌ಎಂಎಲ್ ಕೋರ್’ ಎಂಬ ಚಿಕ್ಕ ರೂಪವನ್ನು. ಕೋರ್‌ನಲ್ಲಿ ಆ ಗುಣಕ್ಕೆ ‘ನಾರ್ಮಲ್’ ಎಂಬ ಒಂದೇ ಬೆಲೆ ನಡೆಯುತ್ತದೆ. ‘ಬೋಲ್ಡ್’ ಎಂದು ಬರೆದರೆ ಕ್ರೋಮ್ ಸುಮ್ನೆ ಬಿಟ್ಟುಬಿಡುತ್ತದೆ, ಯಾವ ದೋಷವನ್ನೂ ತೋರಿಸುವುದಿಲ್ಲ. ಜತೆಗೆ, ಒಂಟಿ ಅಕ್ಷರವನ್ನು ತಾನಾಗಿಯೇ ಓರೆ ಮಾಡುತ್ತದೆ. ಹಾಗಾಗಿ ಕೋಡ್‌ನಲ್ಲಿ ದಪ್ಪ ಎಂದಿದ್ದ ‘ಎಫ್’ ಪರದೆಯಲ್ಲಿ ತೆಳ್ಳಗೆ, ಓರೆಯಾಗಿ ಕಂಡಿತು.

ಇದಕ್ಕೆ ಪರಿಹಾರ, ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿದೆ. ಗಣಿತಕ್ಕೆಂದೇ ದಪ್ಪ, ಓರೆ, ಜೋಡಿಗೆರೆಯ ಅಕ್ಷರಗಳಿಗೆ ಅಲ್ಲಿ ಪ್ರತ್ಯೇಕ ಸಂಕೇತಗಳಿವೆ. 2001ರ ಯೂನಿಕೋಡ್ 3.1ರಲ್ಲಿ ಇವುಗಳಲ್ಲಿ ಹೆಚ್ಚಿನವು ಸೇರಿದವು. ಸಾಮಾನ್ಯ ‘ಎಫ್’ ಬದಲು ದಪ್ಪ ‘ಎಫ್’ನ ಸಂಕೇತವನ್ನೇ ಹಾಕಿದರೆ ಅಕ್ಷರವೇ ದಪ್ಪವಾಗಿರುತ್ತದೆ, ಗುಣ ಬೇಕಾಗಿಲ್ಲ. ಕೈಯಿಂದ ಹಾಕುವುದಕ್ಕಿಂತ ಪರಿವರ್ತನೆಯ ನಂತರ ಒಂದು ಪುಟ್ಟ ಸ್ಕ್ರಿಪ್ಟ್ ಓಡಿಸುವುದು ಒಳ್ಳೆಯದು. ಅಕ್ಷರದ ಬದಲು ಖಾಲಿ ಚೌಕ ಕಂಡರೆ ಆ ಫಾಂಟ್‌ನಲ್ಲಿ ಈ ಅಕ್ಷರಗಳಿಲ್ಲ ಎಂದರ್ಥ.

5. ಆಮೇಲಿನ ದಾರಿಯನ್ನೂ ನೋಡಿ. ಪುಟ ಏರಿಸುವ ಎಡಿಟರ್ ಗಣಿತದ ಟ್ಯಾಗ್‌ಗಳನ್ನೇ ಕಿತ್ತುಹಾಕಬಹುದು. ಮಾರ್ಕ್‌ಡೌನ್ (ಸರಳ ಗುರುತುಗಳಿಂದ ಪಠ್ಯದ ರೂಪ ಹೇಳುವ ವಿಧಾನ) ಮೂಲಕ ಹೋದರೆ, ಪಾದಾಂಕದ (ಸಬ್‌ಸ್ಕ್ರಿಪ್ಟ್) ಅಡಿಗೆರೆಗಳನ್ನು ಅದು ಓರೆ ಅಕ್ಷರದ ಗುರುತು ಎಂದು ತಿಳಿಯಬಹುದು. ಏರಿಸುವ ಮೊದಲಿನ ಕೋಡ್ ಮತ್ತು ಬ್ರೌಸರ್‌ನ ಪುಟಮೂಲ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಕನ್ನಡ ಪ್ರಶ್ನೆಪತ್ರಿಕೆ ಮಾಡುವವರಿಗೆ ಒಂದು ಮಾತು. ನುಡಿ ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಕೊಡುವ) ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಇದ್ದರೆ, ಪ್ಯಾನ್‌ಡಾಕ್ ಫಾಂಟ್‌ನ ಹೆಸರನ್ನು ಬಿಟ್ಟುಬಿಡುತ್ತದೆ. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಉಳಿಯುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಸಮೀಕರಣದ ಕಡೆ ಬನ್ನಿ.

6. ಪರೀಕ್ಷೆಯ ಫೈಲ್ ಇಟ್ಟುಕೊಳ್ಳಿ. ನನ್ನದರಲ್ಲಿ ನಾಲ್ಕು ಸಾಲುಗಳಿವೆ: ದಪ್ಪ ‘ಎಫ್’, ಅವಕಲನದ ನೆಟ್ಟಗಿನ ‘ಡಿ’, ವಾಸ್ತವ ಸಂಖ್ಯೆಗಳ ಗಣದ ಜೋಡಿಗೆರೆ ‘ಆರ್’, ಮತ್ತು ‘ಸೈನ್’. ಸೈನ್‌ನ ಮೂರು ಅಕ್ಷರಗಳು ಓರೆಯಾಗಿ ಬಿಡಿಬಿಡಿಯಾದರೆ ಮೂರು ಚರಗಳ ಗುಣಲಬ್ಧದಂತೆ ಕಾಣುತ್ತವೆ. ಪ್ಯಾನ್‌ಡಾಕ್ ಅಥವಾ ಬ್ರೌಸರ್ ಅಪ್‌ಡೇಟ್ ಆದಾಗೆಲ್ಲ ಈ ಫೈಲ್ ಪರಿವರ್ತಿಸಿ, ಕ್ರೋಮ್‌ನಲ್ಲೂ ವರ್ಡ್‌ನಲ್ಲೂ ತೆರೆದು ನೋಡುತ್ತೇನೆ. ಎರಡು ನಿಮಿಷ ಸಾಕು.